“ನೀನು ಇಲ್ಲಿಗೆ ಯಾಕೆ ಬಂದೆ?”



ಉತ್ತರ ಐರ್ಲೆಂಡಿನಲ್ಲಿ ಶಾಂತಿ ಒಪ್ಪಂದವಾದದ್ದು 1998ರ ಏಪ್ರಿಲ್ 10ರಂದು. ಅಂದು ಶುಭ ಶುಕ್ರವಾರ. ಅದಕ್ಕೂ ಮುಂಚಿನ ಮೂವತ್ತು ವರ್ಷಗಳ ಕಲಹದಲ್ಲಿ ಸುಮಾರು 3,500 ಜನ ಸತ್ತಿದ್ದರು. ಐರ್ಲೆಂಡಿನೊಡನೆ ಸೇರಬೇಕೆಂದವರಲ್ಲಿ ಹೆಚ್ಚಿನವರು ಕಥೋಲಿಕರು. ಬ್ರಿಟನ್ನಿನಲ್ಲೇ ಉಳಿಯಬೇಕೆಂದವರಲ್ಲಿ ಹೆಚ್ಚಿನವರು ಪ್ರೊಟೆಸ್ಟೆಂಟರು. ಎರಡೂ ಕಡೆಯವರು ನಂಬಿದ್ದು ಒಬ್ಬರೇ ಕ್ರಿಸ್ತರನ್ನು! ಎರಡೂ ಕಡೆ ಗುಪ್ತ ಪಡೆಗಳಿದ್ದವು, ಎರಡೂ ಕಡೆಯವರ ಕೈಗೆ ರಕ್ತ ಅಂಟಿತ್ತು. ಈ ತಪಸ್ಸುಕಾಲದಲ್ಲಿ ಅಂಥ ಒಂದು ಪಡೆಯ ನಾಯಕನ ಬಾಳನ್ನು ಧ್ಯಾನಿಸೋಣ.

ಗಸ್ಟಿ ಸ್ಪೆನ್ಸ್ 1933ರಲ್ಲಿ ಬೆಲ್‌ಫಾಸ್ಟ್ ನಗರದ ಶಾಂಕಿಲ್ ಎಂಬ ಪ್ರೊಟೆಸ್ಟೆಂಟ್ ಬಡಾವಣೆಯಲ್ಲಿ ಹುಟ್ಟಿದ. ಬ್ರಿಟಿಷ್ ಸೈನಿಕನಾಗಿ ಸೈಪ್ರಸ್‌ನಲ್ಲಿ ದುಡಿದ. ಊರಿಗೆ ಮರಳಿದ ಮೇಲೆ ‘ಅಲ್‌ಸ್ಟರ್ ಸ್ವಯಂಸೇವಕ ಪಡೆ’ಯ ಮುಂದಾಳಾದ. 1966ರ ಮೇ ತಿಂಗಳಲ್ಲಿ ಆ ಪಡೆಯವರು ಕಥೋಲಿಕನೊಬ್ಬನ ಮದ್ಯದಂಗಡಿಗೆ ಪೆಟ್ರೋಲ್ ಬಾಂಬ್ ಎಸೆದರು. ಅದು ಪಕ್ಕದ ಮನೆಗೆ ಬಿದ್ದು, ಸುಟ್ಟ ಗಾಯಗಳಿಂದ ಸತ್ತವಳು 77 ವರ್ಷದ ಪ್ರೊಟೆಸ್ಟೆಂಟ್ ವಿಧವೆ. ದ್ವೇಷದ ಬೆಂಕಿಗೆ ತನ್ನವರು, ಪರರು ಎಂಬ ಭೇದವೆಲ್ಲಿ?

ಅದೇ ಜೂನ್ 26ರಂದು ಮಾಲ್ವರ್ನ್ ಬೀದಿಯಲ್ಲಿ 18 ವರ್ಷದ ಕಥೋಲಿಕ ತರುಣ ಪೀಟರ್ ವಾರ್ಡ್ ಗುಂಡಿಗೆ ಬಲಿಯಾದ. ಕೆಲಸ ಮುಗಿಸಿ ಗೆಳೆಯರೊಡನೆ ಬಂದಿದ್ದನೇ ಹೊರತು ಅವನು ಬೇರೇನೂ ತಪ್ಪು ಮಾಡಿರಲಿಲ್ಲ. ಈ ಕೊಲೆಗಾಗಿ ಸ್ಪೆನ್ಸ್‌ಗೆ ಜೀವಾವಧಿ ಶಿಕ್ಷೆಯಾಯಿತು.

ಲಾಂಗ್ ಕೆಶ್ ಸೆರೆಮನೆಯಲ್ಲಿ ಆತ ತನ್ನ ಕೈದಿಗಳಿಗೆ ದಂಡನಾಯಕನಂತಿದ್ದ. ಹೊಸದಾಗಿ ಬಂದ ಹುಡುಗರನ್ನು “ನೀನು ಇಲ್ಲಿಗೆ ಯಾಕೆ ಬಂದೆ?” ಎಂದು ಕೇಳುತ್ತಿದ್ದ. ಡೇವಿಡ್ ಅರ್ವಿನ್ ಎಂಬ ತರುಣ ತನ್ನ ಮೇಲಿನ ಆರೋಪವನ್ನು ಹೇಳಿದ. ಸ್ಪೆನ್ಸ್ ಅದಕ್ಕೆ ಒಪ್ಪದೆ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದ. ಆ ಪ್ರಶ್ನೆ ತರುಣನನ್ನು ಬಿಡಲಿಲ್ಲ. ಮುಂದೆ ಅರ್ವಿನ್ ಶಾಂತಿ ಮಾತುಕತೆಯ ಮುಖಂಡನಾದ. ಸ್ಪೆನ್ಸ್ ಕೂಡ 1970ರ ದಶಕದ ಕೊನೆಯಲ್ಲಿ ಹಿಂಸೆಯನ್ನು ತೊರೆದು, 1984ರಲ್ಲಿ ಬಿಡುಗಡೆ ಹೊಂದಿದ.

1994ರ ಅಕ್ಟೋಬರ್ 13ರಂದು ಪ್ರೊಟೆಸ್ಟೆಂಟ್ ಪಡೆಗಳ ಕದನವಿರಾಮದ ಪ್ರಕಟಣೆಯನ್ನು ಓದಿದವನು ಇದೇ ಸ್ಪೆನ್ಸ್. ಸತ್ತ ಎಲ್ಲ ನಿರಪರಾಧಿಗಳ ಬಂಧುಗಳಿಗೆ ಅದರಲ್ಲಿ ಮನಃಪೂರ್ವಕ ಪಶ್ಚಾತ್ತಾಪ ಸಲ್ಲಿಸಲಾಗಿತ್ತು. 2007ರಲ್ಲಿ, ಪಡೆ ಶಸ್ತ್ರಮಾರ್ಗ ಬಿಡುವುದಾಗಿ ಸಾರಿದ ಪ್ರಕಟಣೆಯನ್ನೂ ಆತನೇ ಓದಿದ. 2011ರಲ್ಲಿ ತೀರಿಕೊಂಡ.

ಆದರೂ ಪ್ರಿಯರೇ, ಪೀಟರ್ ವಾರ್ಡ್‌ನನ್ನು ತಾನು ಕೊಲ್ಲಲಿಲ್ಲವೆಂದೇ ಸ್ಪೆನ್ಸ್ ಹೇಳುತ್ತಿದ್ದ. ಅದರ ತೀರ್ಪು ದೇವರಿಗೆ ಬಿಟ್ಟದ್ದು. ಆದರೆ ಆ ಪ್ರಕಟಣೆ ಸತ್ತ ಮಗನನ್ನು ಯಾವ ತಾಯಿಗೂ ಮರಳಿಸಲಿಲ್ಲ. ಪಶ್ಚಾತ್ತಾಪ ಗತವನ್ನು ಅಳಿಸದು. ಮುಂದೆ ಬೀಳಲಿರುವ ಹೆಣವನ್ನು ತಡೆಯಬಲ್ಲದು. ಜಕ್ಕಾಯನೂ ಬರಿಯ ಮಾತಿನಲ್ಲಿ ನಿಲ್ಲದೆ ಕಸಿದದ್ದನ್ನು ಮರಳಿಸಲು ಮುಂದಾದನಲ್ಲವೇ?

ಪಾಸ್ಖ ಹಬ್ಬಕ್ಕೆ ಮುನ್ನ ಪಾಪನಿವೇದನೆಗೆ ಮೊಣಕಾಲೂರುವಾಗ ಪಾಪಗಳ ಪಟ್ಟಿಯನ್ನಷ್ಟೇ ಒಪ್ಪಿಸದೆ, “ನಾನು ಇಲ್ಲಿಗೆ ಯಾಕೆ ಬಂದೆ?” ಎಂದು ಕೇಳಿಕೊಳ್ಳೋಣ. ಬೇರೆ ಜಾತಿಯವರ, ಬೇರೆ ಸಭೆಯವರ ಬಗ್ಗೆ ನಾವು ಮನೆಯಲ್ಲಿ ಆಡುವ ಮಾತನ್ನು ಮಕ್ಕಳು ಕೇಳಿಸಿಕೊಳ್ಳುತ್ತಿದ್ದಾರೆ. ಅಲ್ಲಿಂದಲೇ ನಮ್ಮ ಪರಿವರ್ತನೆ ಆರಂಭವಾಗಲಿ.