ಹಿಮದ ಇಳಿಜಾರಿನಲ್ಲಿ ಬಸುರಿ

1965ರ ಕ್ರಿಸ್‌ಮಸ್ ದಿನ. ಅಮೆರಿಕದ ಮಿಷಿಗನ್ ರಾಜ್ಯದ ಮಸ್ಕೀಗನ್ ಊರಿನ ಶೆರ್ಮನ್ ಪಾಪೆನ್ ಅವರ ಮನೆಯಲ್ಲಿ ಹೆಣ್ಣುಮಕ್ಕಳ ಗಲಾಟೆ ಮಿತಿಮೀರಿತ್ತು. ಹೆಂಡತಿ ನ್ಯಾನ್ಸಿ ಆಗ ಬಸುರಿ. ಮಕ್ಕಳನ್ನು ಸ್ವಲ್ಪ ಹೊತ್ತು ಹೊರಗೆ ಕರೆದುಕೊಂಡು ಹೋಗಿ ಎಂದು ಗಂಡನಿಗೆ ಹೇಳಿದರು. ಹಿಮ ಬಿದ್ದ ದಿಬ್ಬದ ಮೇಲೆ ಮಗಳು ಸ್ಲೆಡ್ ಮೇಲೆ ನೆಟ್ಟಗೆ ನಿಂತು ಜಾರುವುದನ್ನು ಕಂಡ ಪಾಪೆನ್, ಎರಡು ಸ್ಕೀಗಳನ್ನು ಅಕ್ಕಪಕ್ಕ ಇಟ್ಟು, ಅಡ್ಡಪಟ್ಟಿ ಬಿಗಿದು, ನಿಂತುಕೊಳ್ಳಲು ಒಂದು ಹಲಗೆ ಮಾಡಿಕೊಟ್ಟರು. ಅದಕ್ಕೆ ‘ಸ್ನರ್ಫರ್’ ಎಂದು ಹೆಸರಿಟ್ಟವರು ನ್ಯಾನ್ಸಿ. ಬ್ರನ್ಸ್‌ವಿಕ್ ಕಂಪನಿ ಅದನ್ನು ತಯಾರಿಸಿ ಮಾರಿತು. ಮುಂದೆ ಅದೇ ಬೆಳೆದು ಸ್ನೋಬೋರ್ಡ್ ಆಗಿ, 1998ರಲ್ಲಿ ನಗಾನೊ ಒಲಿಂಪಿಕ್ಸ್‌ಗೂ ಕಾಲಿಟ್ಟಿತು.

ಬಸುರಿಯೊಬ್ಬಳ ಮಾತಿನಿಂದ ಹುಟ್ಟಿದ ಹಲಗೆಯ ಮೇಲೆ ಬಸುರಿ ನಿಲ್ಲಬಹುದೇ? ಈ ಪ್ರಶ್ನೆ ಸ್ನೋಬೋರ್ಡಿಗಿಂತ ಹಳೆಯದು. ವೈದ್ಯರು ಇದಕ್ಕೆ ನೂರು ವರ್ಷ ಕೊಟ್ಟ ಉತ್ತರದಲ್ಲಿ ಎರಡು ಬೇರೆ ಬೇರೆ ಭಯಗಳು ಬೆರೆತುಹೋಗಿದ್ದವು. ಒಂದು, ದಣಿದರೆ ಮಗುವಿಗೆ ಕೇಡು ಎಂಬ ಭಯ. ಇನ್ನೊಂದು, ಬಿದ್ದರೆ ಕೇಡು ಎಂಬ ಭಯ. ಮೊದಲನೆಯದು ಬಹುಪಾಲು ಸುಳ್ಳೆಂದು ತಿಳಿಯುವವರೆಗೆ ಎಷ್ಟೋ ಹೆಂಗಸರು ಅಂಗಳದಿಂದ ದೂರ ಉಳಿಯಬೇಕಾಯಿತು.

ಮೊದಲಿಗೆ ಬಸುರಿಯರಷ್ಟೇ ಅಲ್ಲ, ಹೆಂಗಸರೆಲ್ಲರೂ ಈ ಭಯದ ನೆರಳಿನಲ್ಲಿದ್ದರು. ಗರ್ಭಕೋಶ ಬಲು ನಾಜೂಕು, ಓಡಿದರೆ ಹಾರಿದರೆ ಜಾಗ ಬಿಟ್ಟು ಕದಲುತ್ತದೆ ಎಂಬ ನಂಬಿಕೆ ಹತ್ತೊಂಬತ್ತನೆಯ ಶತಮಾನದ ಯುರೋಪಿನ ವೈದ್ಯರಲ್ಲಿ ಗಟ್ಟಿಯಾಗಿ ಬೇರೂರಿತ್ತು. ಆ ಮಾತಿಗೆ ಕಿವಿಗೊಡದವರೂ ಇದ್ದರು. ಆಸ್ಟ್ರಿಯಾದ ಕುಲೀನ ಮನೆತನದ ಪೌಲಾ ಲಾಂಬರ್ಗ್ 1911ರಲ್ಲಿ ಕಿಟ್ಸ್‌ಬ್ಯುಯೆಲ್‌ನಲ್ಲಿ ಉದ್ದ ಲಂಗ ಉಟ್ಟುಕೊಂಡೇ ಸ್ಕೀ ಮೇಲೆ 22 ಮೀಟರ್ ಹಾರಿದರು. ಆದರೆ ನಿಯಮ ಬರೆಯುವವರು ಬದಲಾಗಲಿಲ್ಲ. ಗಂಡಸರ ಕ್ರಾಸ್‌ಕಂಟ್ರಿ ಸ್ಕೀಯಿಂಗ್ 1924ರ ಮೊದಲ ಚಳಿಗಾಲದ ಒಲಿಂಪಿಕ್ಸ್‌ನಲ್ಲೇ ಇತ್ತು. ಹೆಂಗಸರಿಗೆ 10 ಕಿಲೋಮೀಟರ್ ಓಟ ಸಿಕ್ಕಿದ್ದು 1952ರಲ್ಲಿ, ಆಸ್ಲೊದಲ್ಲಿ. ಸ್ಕೀ ಜಿಗಿತಕ್ಕಂತೂ 2014ರ ಸೋಚಿಯವರೆಗೆ ಕಾಯಬೇಕಾಯಿತು. ಅದಕ್ಕೆ ಒಂಬತ್ತು ವರ್ಷ ಮುಂಚೆ, 2005ರಲ್ಲಿ, ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ ಅಧ್ಯಕ್ಷ ಗಿಯಾನ್ ಫ್ರಾಂಕೊ ಕಾಸ್ಪರ್ ಈ ಜಿಗಿತ ವೈದ್ಯಕೀಯ ದೃಷ್ಟಿಯಿಂದ ಹೆಂಗಸರಿಗೆ ತಕ್ಕುದಲ್ಲವೆಂದು ಬಹಿರಂಗವಾಗಿ ಹೇಳಿದ್ದರು. ಯಾವ ಪರೀಕ್ಷೆಯೂ ಆ ಮಾತಿನ ಬೆನ್ನಿಗಿರಲಿಲ್ಲ. ಲಾಂಬರ್ಗ್ ಹಾರಿ ಆಗಲೇ 94 ವರ್ಷ ಕಳೆದಿತ್ತು.

ಈ ನಡುವೆ ಬಸುರಿಯರು ತಮ್ಮ ಪಾಡಿಗೆ ತಾವು ಆಡುತ್ತಲೇ ಇದ್ದರು. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಸ್ವೀಡನ್ನಿನ ಮಾಗ್ದಾ ಯುಲಿನ್ ಫಿಗರ್ ಸ್ಕೇಟಿಂಗ್ ಚಿನ್ನ ಗೆದ್ದಾಗ ಹೊಟ್ಟೆಯಲ್ಲಿ ಮಗುವಿತ್ತು.

ವೈದ್ಯರ ಸಲಹೆ ಅಂಕಿಯ ರೂಪ ಪಡೆದದ್ದು 1985ರಲ್ಲಿ. ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಕಾಲೇಜು ಆ ವರ್ಷ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಬಸುರಿಯ ಎದೆಬಡಿತ ನಿಮಿಷಕ್ಕೆ 140 ದಾಟಬಾರದು, ಬಿರುಸಿನ ವ್ಯಾಯಾಮ 15 ನಿಮಿಷ ಮೀರಬಾರದು. ಆ 140ಕ್ಕೆ ಗಟ್ಟಿ ಆಧಾರವಿರಲಿಲ್ಲ. ಎಚ್ಚರಿಕೆ ಇರಲಿ ಎಂದು ಹಾಕಿದ ಗೆರೆ ಅದು. ಆದರೂ ಜಿಮ್‌ಗಳಲ್ಲಿ, ಕ್ಲಿನಿಕ್‌ಗಳಲ್ಲಿ ಅದು ವೇದವಾಕ್ಯವಾಯಿತು. ಅದೇ ಕಾಲದಲ್ಲಿ ಜೇಮ್ಸ್ ಕ್ಲಾಪ್ ಎಂಬ ವೈದ್ಯರು ಊಹೆ ಬಿಟ್ಟು ಅಳತೆಗೆ ಕೈಹಾಕಿದರು. ಬಸಿರಿನಲ್ಲೂ ಓಟ, ಏರೋಬಿಕ್ಸ್ ಮುಂದುವರಿಸಿದ ಹೆಂಗಸರನ್ನು, ಬಿಟ್ಟವರನ್ನು ವರ್ಷಗಟ್ಟಲೆ ಹೋಲಿಸಿ ನೋಡಿದರು. ಮುಂದುವರಿಸಿದವರ ಮಕ್ಕಳು ಆರೋಗ್ಯವಾಗಿದ್ದವು, ಹೆರಿಗೆಯೂ ಬೇಗ ಆಗುತ್ತಿತ್ತು. 1994ರಲ್ಲಿ ಕಾಲೇಜು 140ರ ಮಿತಿಯನ್ನು ಕೈಬಿಟ್ಟಿತು. 2002ರ ಹೊತ್ತಿಗೆ, ತೊಂದರೆಯಿಲ್ಲದ ಬಸಿರಿನಲ್ಲಿ ದಿನಕ್ಕೆ ಅರ್ಧ ಗಂಟೆ ಸಾಧಾರಣ ವ್ಯಾಯಾಮ ಮಾಡಿ ಎಂದು ತಾನೇ ಹೇಳತೊಡಗಿತು. ಹದಿನೇಳೇ ವರ್ಷಗಳಲ್ಲಿ ಬೇಡ ಎಂಬುದು ಬೇಕು ಎಂದಾಯಿತು.

ಹಾಗಾದರೆ ದಣಿವಿಗೆ ಮಿತಿಯೇ ಇಲ್ಲವೇ? ಇದೆ. ಅದನ್ನು ಹುಡುಕಿದವರು ನಾರ್ವೆಯವರು. 2012ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಇದ್ದದ್ದು ಆರೇ ಮಂದಿ. ಆರೂ ಜನ ಒಲಿಂಪಿಕ್ಸ್ ಮಟ್ಟದ ಆಟಗಾರ್ತಿಯರು, 23ರಿಂದ 29 ವಾರದ ಬಸುರಿಯರು. ಟ್ರೆಡ್‌ಮಿಲ್ ಮೇಲೆ ಅವರ ವೇಗ ಹೆಚ್ಚಿಸುತ್ತಾ, ಗರ್ಭಕೋಶಕ್ಕೆ ಹರಿಯುವ ರಕ್ತವನ್ನೂ ಮಗುವಿನ ಎದೆಬಡಿತವನ್ನೂ ಅಲ್ಟ್ರಾಸೌಂಡ್‌ನಲ್ಲಿ ಗಮನಿಸಿದರು. ತಾಯಿಯ ಎದೆಬಡಿತ ಅವಳ ಗರಿಷ್ಠದ ಶೇ 90ರೊಳಗೆ ಇರುವವರೆಗೆ ಮಗುವಿಗೆ ಏನೂ ಆಗಲಿಲ್ಲ. ಅದನ್ನು ದಾಟಿದಾಗ ರಕ್ತದ ಹರಿವು ಅರ್ಧಕ್ಕಿಂತ ಕೆಳಗಿಳಿದು ಮಗುವಿನ ಎದೆಬಡಿತ ನಿಧಾನವಾಯಿತು. ತಾಯಿ ನಿಂತ ಮೇಲೆ ಬೇಗನೆ ಸರಿಹೋಯಿತು. ಆರು ಜನರ ಲೆಕ್ಕ ಸಣ್ಣದು, ನಿಜ. ಆದರೆ 1985ರ ಗೆರೆಗೆ ಇಲ್ಲದ ಅಳತೆ ಇದಕ್ಕಿತ್ತು.

ಬದಲಾದ ಗಾಳಿ ಹಿಮದ ಮೇಲೆಯೂ ಕಂಡಿತು. 2015–16ರ ಋತುವಿನಲ್ಲಿ ಕ್ರಾಸ್‌ಕಂಟ್ರಿಯ ಹಲವು ಅಗ್ರ ಆಟಗಾರ್ತಿಯರು ಏಕಕಾಲಕ್ಕೆ ಬಸುರಿಯರಾಗಿದ್ದರು. ನಾರ್ವೆಯ ಮಾರಿಟ್ ಬ್ಯೋರ್ಗೆನ್ ಅವರಿಗೆ 2015ರ ಡಿಸೆಂಬರ್‌ನಲ್ಲಿ ಮಗ ಹುಟ್ಟಿದ. ಬಸಿರಿನಲ್ಲೂ ಅವರ ತಾಲೀಮು ನಿಂತಿರಲಿಲ್ಲ. ಅಮೆರಿಕದ ಕಿಕ್ಕನ್ ರ‍್ಯಾಂಡಲ್ ಅವರಿಗೆ 2016ರ ಏಪ್ರಿಲ್‌ನಲ್ಲಿ ಮಗನಾದ. 2018ರ ಪ್ಯೊಂಗ್‌ಚಾಂಗ್‌ನಲ್ಲಿ ಬ್ಯೋರ್ಗೆನ್ ಐದು ಪದಕ ಗೆದ್ದರು. ರ‍್ಯಾಂಡಲ್, ಜೆಸ್ಸಿ ಡಿಗಿನ್ಸ್ ಜೊತೆಗೂಡಿ ಅಮೆರಿಕಕ್ಕೆ ಕ್ರಾಸ್‌ಕಂಟ್ರಿಯ ಮೊದಲ ಒಲಿಂಪಿಕ್ ಚಿನ್ನ ತಂದರು.

ಗಮನಿಸಬೇಕು: ಇವರೆಲ್ಲ ಓಡಿದ್ದು ಕ್ರಾಸ್‌ಕಂಟ್ರಿಯಲ್ಲಿ, ಅಂದರೆ ಮುಂಚಿತವಾಗಿ ಜಾಡು ಕೊರೆದ ದಾರಿಯಲ್ಲಿ. ಕಡಿದಾದ ಬೆಟ್ಟದಿಂದ ಇಳಿಯುವ ಸ್ಕೀಯಿಂಗ್ ವಿಷಯಕ್ಕೆ ಬಂದರೆ ವೈದ್ಯರ ಮಾತು ಇಷ್ಟು ವರ್ಷವಾದರೂ ಸಡಿಲಗೊಂಡಿಲ್ಲ. ಬಸುರಿಯರು ದೂರವಿಡಬೇಕಾದ ಆಟಗಳ ಸಾಲಿನಲ್ಲಿ ಕುದುರೆ ಸವಾರಿ, ಸರ್ಫಿಂಗ್‌ಗಳ ಜೊತೆ ಅದು ಇಂದಿಗೂ ಇದೆ. ಇಲ್ಲಿ ಇರುವುದು ಎರಡನೆಯ ಭಯ, ಬೀಳುವ ಭಯ. ಇದು ಸುಳ್ಳಲ್ಲ.

ಸುಮಾರು ಹನ್ನೆರಡು ವಾರದವರೆಗೆ ಗರ್ಭಕೋಶ ಸೊಂಟದ ಎಲುಬುಗಳ ಮರೆಯಲ್ಲಿರುತ್ತದೆ. ಆಮೇಲೆ ಮೇಲೆದ್ದು ಬಂದು ನೇರವಾಗಿ ಪೆಟ್ಟಿಗೆ ಸಿಗುತ್ತದೆ. ಗರ್ಭಕೋಶದ ಗೋಡೆ ಪೆಟ್ಟಿಗೆ ಎಳೆದುಕೊಂಡು ಬಾಗಬಲ್ಲದು, ಅದಕ್ಕೆ ಅಂಟಿದ ಮಾಸು ಅಷ್ಟು ಬಾಗುವುದಿಲ್ಲ. ಹಾಗಾಗಿ ಜೋರಾದ ಹೊಡೆತಕ್ಕೆ ಮಾಸು ಗೋಡೆಯಿಂದ ಕಳಚಿಕೊಳ್ಳಬಹುದು. ಹೊಟ್ಟೆ ಬೆಳೆದಂತೆ ದೇಹದ ಭಾರ ಮುಂದಕ್ಕೆ ಸರಿದು ಆಯ ತಪ್ಪುವುದೂ ಸುಲಭ. ಹಾರ್ಮೋನುಗಳಿಂದ ಕೀಲುಗಳು ಸಡಿಲವಾಗಿರುತ್ತವೆ. ಪೆಟ್ಟಿನ ವಿಷಯ ಗೊತ್ತಾದದ್ದು ಬಹುಪಾಲು ಕಾರು ಅಪಘಾತಗಳಿಂದ. ಬಸುರಿಯರನ್ನು ಬೀಳಿಸಿ ಪರೀಕ್ಷೆ ಮಾಡಲು ಯಾರಿಗೂ ಸಾಧ್ಯವಿಲ್ಲವಲ್ಲ.

ಸಲಕರಣೆ ಸುಧಾರಿಸಿದ್ದರಿಂದ ಈ ಅಪಾಯ ಇಳಿಯಲಿಲ್ಲವೇ? ನಾರ್ವೆ ಮೂಲದ ಹ್ಯಾಲ್ಮಾರ್ ಹ್ವಾಮ್ 1937ರಲ್ಲಿ ಕಾಲು ಮುರಿದುಕೊಂಡ ಮೇಲೆ, ಬಿದ್ದಾಗ ಬೂಟನ್ನು ಸ್ಕೀಯಿಂದ ತಾನಾಗಿ ಬಿಡಿಸುವ ಕಟ್ಟನ್ನು ರೂಪಿಸಿದರು. ಅದರ ಸಂತತಿ ಎಷ್ಟೋ ಕಾಲುಗಳನ್ನು ಕಾಪಾಡಿದೆ. ಆದರೆ ಅದು ಕಾಯುವುದು ಕಾಲನ್ನು, ಹೊಟ್ಟೆಯನ್ನಲ್ಲ. ಸ್ನೋಬೋರ್ಡಿನಲ್ಲಿ ಎರಡೂ ಕಾಲು ಒಂದೇ ಹಲಗೆಗೆ ಬಿಗಿದಿರುತ್ತವೆ. ಮುಂದಿನ ಅಂಚು ಹಿಮಕ್ಕೆ ಕಚ್ಚಿದರೆ ಮುಗ್ಗರಿಸುವುದು ಕೈ ಮತ್ತು ಹೊಟ್ಟೆಯ ಮೇಲೆ, ಹಿಂದಿನ ಅಂಚು ಕಚ್ಚಿದರೆ ಅಂಗಾತ. ಹೊಸಬರು ಹೀಗೆ ಮತ್ತೆ ಮತ್ತೆ ಬಿದ್ದೇ ಕಲಿಯಬೇಕು. ಆದ್ದರಿಂದ ಬಸಿರಿನಲ್ಲಿ ಸ್ನೋಬೋರ್ಡ್ ಕಲಿಯಲು ಹೊರಡುವುದು ಖಂಡಿತ ಸಲ್ಲದು. ಹುಟ್ಟಿನಿಂದ ಹಿಮದಲ್ಲೇ ಬೆಳೆದ ನುರಿತವಳು ಮೊದಲ ವಾರಗಳಲ್ಲಿ ತಗ್ಗಿನ ಇಳಿಜಾರು ಆರಿಸಿಕೊಂಡರೆ ತಾನು ಬೀಳುವುದನ್ನು ಕಡಿಮೆ ಮಾಡಿಕೊಳ್ಳಬಹುದು. ಹಿಂದಿನಿಂದ ವೇಗವಾಗಿ ಬಂದು ಗುದ್ದುವ ಇನ್ನೊಬ್ಬರನ್ನು ತಡೆಯುವುದು ಅವಳ ಕೈಯಲ್ಲಿಲ್ಲ.

ಕರ್ನಾಟಕದಿಂದ ಹಿಮ ನೋಡಲು ಗುಲ್ಮಾರ್ಗಕ್ಕೆ ಹೋಗುವ ಹೊಸ ಜೋಡಿಗಳಿಗೆ ಇನ್ನೂ ಒಂದು ಲೆಕ್ಕವಿದೆ. ಬಯಲುಸೀಮೆಯಿಂದ ಬಂದ ಬಸುರಿಗೆ ಅಮೆರಿಕದ ವೈದ್ಯರು ವ್ಯಾಯಾಮದ ಎತ್ತರವನ್ನು 6,000 ಅಡಿಗೆ ಮಿತಿಗೊಳಿಸುತ್ತಾರೆ. ಗುಲ್ಮಾರ್ಗದ ಬಟ್ಟಲೇ ಸುಮಾರು 8,700 ಅಡಿ ಎತ್ತರದಲ್ಲಿದೆ. ಅಲ್ಲಿನ ಗೊಂಡೋಲ ಎಂಬ ತಂತಿಗಾಡಿ ಕೊನೆಯ ನಿಲ್ದಾಣಕ್ಕೆ ಒಯ್ದು ಬಿಡುವುದು ಸುಮಾರು 13,000 ಅಡಿಗೆ. ಎತ್ತರದ ಜೊತೆಗೆ ಆಸ್ಪತ್ರೆಯ ದೂರವೂ ಇದೆ. ಹೊಟ್ಟೆಗೆ ಪೆಟ್ಟು ಬಿದ್ದರೆ ಹೊರಗೆ ರಕ್ತ ಕಾಣದಿದ್ದರೂ ಒಳಗೆ ಮಾಸು ಕಳಚಿರಬಹುದು. ಅದಕ್ಕೇ ಐದು ತಿಂಗಳು ದಾಟಿದವರನ್ನು ಕನಿಷ್ಠ ನಾಲ್ಕು ಗಂಟೆ ಮಗುವಿನ ಎದೆಬಡಿತದ ಯಂತ್ರಕ್ಕೆ ಜೋಡಿಸಿ ನೋಡಬೇಕೆಂಬುದು ಆಸ್ಪತ್ರೆಗಳ ಕ್ರಮ. ರಕ್ತದ ಗುಂಪು ನೆಗೆಟಿವ್ ಇದ್ದವರಿಗೆ ಆಂಟಿ-ಡಿ ಚುಚ್ಚುಮದ್ದೂ ಬೇಕಾಗುತ್ತದೆ. ಶ್ರೀನಗರದ ದೊಡ್ಡಾಸ್ಪತ್ರೆಗಳು ಗುಲ್ಮಾರ್ಗದಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿವೆ, ಜನವರಿಯ ಹಿಮದಲ್ಲಿ ಘಾಟಿ ಇಳಿದು ಅಲ್ಲಿಗೆ ತಲುಪಬೇಕು.