ಖಡು, ಮ್ಯಾಕ್ಸಿಮಾ ಮತ್ತು ಬಿಟ್ಟುಹೋದ ‘ಸಿ’

1987ರಲ್ಲಿ ನಾನು ಬೈಲಹೊಂಗಲದಲ್ಲಿ ಗಣಿತದ ಉಪನ್ಯಾಸಕನಾದಾಗ ಕೈಯಲ್ಲಿದ್ದದ್ದು ಖಡು (ಸೀಮೆಸುಣ್ಣ), ಒಂದು ಅರಿವೆ, ಲಾಗ್ ಟೇಬಲ್ಲಿನ ಪುಸ್ತಕ. ಅರಿವೆ ಒದ್ದೆಯೇ ಇರಬೇಕು. ಒಣ ಡಸ್ಟರಿನಿಂದ ಒರೆಸಿದರೆ ಹಳೆಯ ಲೆಕ್ಕದ ನೆರಳು ಹಲಗೆಯ ಮೇಲೆ ಉಳಿದು, ಹಿಂದಿನ ಬೆಂಚಿನವರಿಗೆ ಮೈನಸ್ಸು ಪ್ಲಸ್ಸಾಗಿ ಕಾಣುತ್ತಿತ್ತು. ಆಗ ನಾವು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದವರು. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾದ ಮೇಲೆ ಅದಕ್ಕೆ ಸೇರಿದೆವು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಗಣಿತದವರು ಉತ್ತರಪತ್ರಿಕೆ ತಿದ್ದಲು ಕೂಡಿದಾಗ, ಚಹಾದ ಹೊತ್ತಿನಲ್ಲಿ, ಗಣಿತದ ಪ್ರಾಕ್ಟಿಕಲ್ಲಿಗೆ ಯಾವ ಸಾಫ್ಟ್‌ವೇರ್ ಹಿಡಿಯುವುದೆಂಬ ಮಾತು ಬರುತ್ತಿತ್ತು. ಮ್ಯಾಟ್‌ಲ್ಯಾಬ್ ಎಂದರೆ ಲೈಸೆನ್ಸಿನ ದುಡ್ಡು. ಫ್ರಾನ್ಸಿನ ಸಂಶೋಧಕರು ಕಟ್ಟಿದ ಸೈಲ್ಯಾಬ್ ಪುಕ್ಕಟೆ, ಮ್ಯಾಕ್ಸಿಮಾ ಕೂಡ. ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ಮ್ಯಾಕ್ಸಿಮಾವನ್ನು ಟೆಕ್ಸಾಸಿನ ವಿಲಿಯಂ ಶೆಲ್ಟರ್ ವರ್ಷಗಟ್ಟಲೆ ಜೋಪಾನ ಮಾಡಿ, 1998ರಲ್ಲಿ ಎಲ್ಲರಿಗೂ ಬಿಟ್ಟುಕೊಡುವ ಅನುಮತಿ ಪಡೆದರು. 2001ರಲ್ಲಿ ತೀರಿಕೊಂಡರು. ಮೊದಲ ಪ್ರಾಕ್ಟಿಕಲ್ಲಿನ ದಿನ ಅವರ ಹೆಸರು ಹೇಳದೆ ನಾನು ಕಂಪ್ಯೂಟರ್ ಹಚ್ಚಿದವನಲ್ಲ. ಸವದತ್ತಿಯ ಗೆಳೆಯರೊಬ್ಬರ ಪೆನ್‌ಡ್ರೈವಿನಿಂದ ಎರಡೂ ನಮ್ಮೆಲ್ಲರ ಊರಿಗೆ ಬಂದವು. ಹುಡುಗರು ಮನೆಗೂ ಒಯ್ಯಬಹುದಿತ್ತು. ನಮಗೆ ಅದೇ ದೊಡ್ಡದು.

ಆದರೆ ಅನುಕಲನ ಮಾಡಿದಾಗ ಮ್ಯಾಕ್ಸಿಮಾ ಕೊನೆಗೆ ‘ಪ್ಲಸ್ ಸಿ’ ಬರೆಯುವುದಿಲ್ಲ. ಪರೀಕ್ಷೆಯಲ್ಲಿ ಹುಡುಗರೂ ಬಿಟ್ಟರು. ಅಂಕ ಕಳೆದೆ. “ಕಂಪ್ಯೂಟರನ ಬರದಿಲ್ರಿ ಸರ್, ನಾ ಯಾಕ ಬರೀಬೇಕ್ರಿ?” ಎಂದು ಒಬ್ಬ ಕೇಳಿದ. ನ್ಯಾಯವಾದ ಪ್ರಶ್ನೆ. ಹಲಗೆಯ ಮೇಲೆ ಎಕ್ಸ್ ವರ್ಗಕ್ಕೆ 5 ಕೂಡಿಸಿ ಒಂದು, 7 ಕೂಡಿಸಿ ಒಂದು ಬರೆದೆ. ಎರಡನ್ನೂ ಅವಕಲನ ಮಾಡಿಸಿದೆ. ಎರಡಕ್ಕೂ ಬಂದದ್ದು 2ಎಕ್ಸ್. ತಿರುಗಿ ಬರುವಾಗ 5 ಎಂದೋ 7 ಎಂದೋ ಯಾರು ಹೇಳಬೇಕು? ಅಂದಿನಿಂದ ನನ್ನ ತರಗತಿಯಲ್ಲಿ ಮೊದಲು ನೋಟ್‌ಬುಕ್, ಆಮೇಲೆ ಕಂಪ್ಯೂಟರ್.

ಖಡು ಸೋತದ್ದೂ ಉಂಟು. ಎಕ್ಸ್ ವರ್ಗದಲ್ಲಿ ವೈ ವರ್ಗ ಕಳೆದರೆ ಬರುವ ಮೇಲ್ಮೈಯನ್ನು ಇಪ್ಪತ್ತು ವರ್ಷ ಹಲಗೆಯ ಮೇಲೆ ಬಿಡಿಸಿದ್ದೆ. ಯಾರ ತಲೆಗೂ ಹೋಗಿರಲಿಲ್ಲ. ಸೈಲ್ಯಾಬಿನಲ್ಲಿ ಅದನ್ನು ಮೌಸಿನಿಂದ ತಿರುಗಿಸಿದೆ. ಕಿತ್ತೂರಿನ ಹುಡುಗಿಯೊಬ್ಬಳು, “ಸರ್, ಇದು ಚನ್ನಮ್ಮನ ಕುದುರಿ ಜೀನ ಐತ್ರಿ!” ಎಂದಳು. ಮುಂದೆ ಉದ್ದಕ್ಕೆ ಏರು, ಅಡ್ಡಕ್ಕೆ ಇಳಿವು ಎಂದು ನಾನು ಬಿಡಿಸಿ ಹೇಳುವ ಕೆಲಸವೇ ಉಳಿಯಲಿಲ್ಲ.

2020ರ ಲಾಕ್‌ಡೌನಿನಲ್ಲಿ ಖಡು, ಕಂಪ್ಯೂಟರ್ ಎರಡೂ ಕೈಬಿಟ್ಟವು. ರಾಮದುರ್ಗದ ಕಡೆಯ ಹಳ್ಳಿಗಳಲ್ಲಿದ್ದ ನನ್ನ ಹುಡುಗರಿಗೆ ವಿಡಿಯೋ ನಿಲ್ಲುತ್ತಿರಲಿಲ್ಲ, ಫೋಟೋ ಹೋಗುತ್ತಿತ್ತು. ನಾನು ಹಾಳೆಯ ಮೇಲೆ ಬಿಡಿಸಿ ವಾಟ್ಸಾಪಿಗೆ ಹಾಕುತ್ತಿದ್ದೆ. ಅವರು ಬಿಡಿಸಿ ಕಳಿಸುತ್ತಿದ್ದರು. ಮರುವರ್ಷ ಹೊಸ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು. ಪ್ರಾಕ್ಟಿಕಲ್ಲಿಗೆ ಸೂಚಿಸಿದ ಹೆಸರುಗಳಲ್ಲಿ ಮ್ಯಾಕ್ಸಿಮಾ, ಸೈಲ್ಯಾಬ್ ಇದ್ದವು, ಪೈಥಾನ್ ಕೂಡ. ಅಷ್ಟರಲ್ಲಿ ನಾನು ನಿವೃತ್ತನಾಗಿದ್ದೆ. ಆ ಫೋಟೋಗಳು ಇನ್ನೂ ನನ್ನ ಫೋನಿನಲ್ಲಿವೆ. ಒಂದರಲ್ಲಿ ಹಾಳೆ ಹಾರದಂತೆ ಹುಡುಗನೊಬ್ಬ ಜೋಳದ ತೆನೆ ಇಟ್ಟಿದ್ದಾನೆ. ಉತ್ತರದ ಕೊನೆಗೆ ‘ಸಿ’ ಇದೆ.