ಅಜ್ಞಾತ ಕಂಠಗಳನ್ನು ಅರಸಿದವರು

ಸಂಗೀತದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಕೀರ್ತಿಶಿಖರವನ್ನೇರಿದ ಗಾಯಕರ ಜನ್ಮಸ್ಥಾನ, ಗುರುಪರಂಪರೆ, ಬಿರುದುಬಾವಲಿಗಳನ್ನು ವಿವರಿಸಿ ತೃಪ್ತರಾಗುತ್ತಾರೆ. ಆ ಗಾಯಕನು ಇನ್ನೂ ಹೆಸರಿಲ್ಲದವನಾಗಿ, ಬಯಲಾಟದ ಅಟ್ಟದ ಮೇಲೋ ಗುಡಿಯ ಕಟ್ಟೆಯ ಮೇಲೋ ಹಾಡುತ್ತಿದ್ದಾಗ ಮೊಟ್ಟಮೊದಲು ಕಿವಿಗೊಟ್ಟು ನಿಂತವರು ಯಾರು, ನಿಂತವರು ಆಮೇಲೆ ಏನು ಮಾಡಿದರು ಎಂಬ ವೃತ್ತಾಂತವು ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಕೃಷ್ಣಾನದಿಯ ಎರಡು ದಡಗಳಲ್ಲಿ ಹರಡಿಕೊಂಡಿರುವ ಅಥಣಿ, ರಾಯಬಾಗ, ಚಿಕ್ಕೋಡಿ, ಕಾಗವಾಡಗಳ ಸೀಮೆ ಮತ್ತು ಅದರ ಪಶ್ಚಿಮಕ್ಕಿರುವ ನಿಪ್ಪಾಣಿಯ ಸೀಮೆ, ಇವುಗಳ ಸಂಗೀತವನ್ನು ಅರಿಯಬೇಕೆಂಬವನಿಗೆ ಆ ಒಂದೆರಡು ವಾಕ್ಯಗಳೇ ಮುಖ್ಯವಾದವು. ಏಕೆಂದರೆ ಇಲ್ಲಿ ಪ್ರತಿಭೆಯನ್ನು ಗುರುತಿಸುವುದೆಂದರೆ ಬರಿಯ ಮೆಚ್ಚುಗೆಯಾಗಿರಲಿಲ್ಲ. ಗುರುತಿಸಿದವನೇ ಅನ್ನವಿಕ್ಕಿ, ವಿದ್ಯೆಯನ್ನಿತ್ತು, ಸಾಕುವ ಹೊಣೆಯನ್ನೂ ಹೊರುತ್ತಿದ್ದನು.

ಅಥಣಿ ತಾಲೂಕಿನ ಅನಂತಪುರದಂತಹ ಊರಿನಲ್ಲಿ ನಿಂತು ನೋಡಿದರೆ ಈ ಸೀಮೆಯ ಸ್ವಭಾವವು ಬೇಗನೆ ಮನವರಿಕೆಯಾಗುತ್ತದೆ. ಮಹಾರಾಷ್ಟ್ರದ ಗಡಿಯು ಕೂಗಳತೆಗೆ ಸಮೀಪವಾದ ಈ ಭಾಗದಲ್ಲಿ ಮನೆಯೊಳಗೆ ಕನ್ನಡವನ್ನಾಡುವವನು ಸಂತೆಯಲ್ಲಿ ಮರಾಠಿಯನ್ನಾಡುತ್ತಾನೆ. ಭಜನೆಯಲ್ಲಿ ಶರಣರ ವಚನವೂ ತುಕಾರಾಮರ ಅಭಂಗವೂ ಒಂದೇ ತಾಳದಲ್ಲಿ ನಡೆಯುತ್ತವೆ. ಆಡಳಿತವಾದರೋ ಹರಿದು ಹಂಚಿಹೋಗಿದ್ದಿತು. ಅಥಣಿ, ಚಿಕ್ಕೋಡಿಗಳು ಬ್ರಿಟಿಷರ ಬೆಳಗಾವಿ ಜಿಲ್ಲೆಗೆ ಸೇರಿದ್ದವು. ರಾಯಬಾಗವು ಕೊಲ್ಲಾಪುರದ ಛತ್ರಪತಿಗಳದು. ಸುತ್ತಲೂ ಮಿರಜ, ಸಾಂಗಲಿ, ಕುರುಂದವಾಡ, ಜತ್ತಗಳ ಸಂಸ್ಥಾನಿಕರು. ಹೀಗೆ ಹಲವರ ಆಳಿಕೆಯಲ್ಲಿ ಹಂಚಿಹೋದುದು ಕಲಾವಿದನಿಗೆ ಲಾಭವಾಗಿಯೇ ಪರಿಣಮಿಸಿತು: ಒಬ್ಬ ಅರಸನ ಅಂಗಳದಲ್ಲಿ ಅವಕಾಶ ತಪ್ಪಿದರೆ ಒಂದು ದಿನದ ನಡಿಗೆಯಲ್ಲಿ ಇನ್ನೊಬ್ಬನ ಅಂಗಳವು ದೊರೆಯುತ್ತಿದ್ದಿತು. ಮಿರಜದಿಂದ ಶೇಡಬಾಳ, ಉಗಾರ, ಕುಡಚಿ, ಚಿಂಚಲಿ, ರಾಯಬಾಗಗಳ ಮೇಲೆ ಹಾಯ್ದು ಬೆಳಗಾವಿಯತ್ತ ಸಾಗುವ ರೈಲುಹಾದಿಯು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಸಿದ್ಧವಾದ ಬಳಿಕ, ನಾಟಕ ಕಂಪನಿಗಳ ಪರದೆ ಪೆಟ್ಟಿಗೆಗಳೊಡನೆ ಹಿಂದುಸ್ತಾನಿ ಗಾಯಕರಾದ ಬುವಾಗಳೂ ಖಾನಸಾಹೇಬರೂ ಈ ನಿಲ್ದಾಣಗಳನ್ನು ದಾಟಿ ಓಡಾಡತೊಡಗಿದರು.

ಆದರೆ ರೈಲಿಗಿಂತಲೂ ಬಹಳ ಮುಂಚೆ ಇಲ್ಲಿ ಪ್ರತಿಭಾಪರೀಕ್ಷೆಯ ಒಂದು ಮಹಾಸಭೆಯು ಪ್ರತಿವರ್ಷವೂ ನೆರೆಯುತ್ತಿದ್ದಿತು. ಜಾತ್ರೆಯೇ ಆ ಸಭೆ. ಚಿಂಚಲಿಯ ಮಾಯಕ್ಕನ ಜಾತ್ರೆಗೆ ಕನ್ನಡ ಮರಾಠಿ ಸೀಮೆಗಳೆರಡರಿಂದಲೂ ಕುರುಬರೂ ಧನಗರರೂ ಡೊಳ್ಳುಗಳೊಡನೆ ಬಂದು ನೆರೆಯುವುದನ್ನು ಕಂಡವರಿಗೆ, ಆ ಧೂಳು ಭಂಡಾರಗಳ ನಡುವೆ ಹೊಸ ಕೈಯೊಂದು ಡೊಳ್ಳಿನ ಮೇಲೆ ಬಿದ್ದೊಡನೆಯೆ ಹಳೆಯ ಕೈಗಳು ಹೇಗೆ ತಡೆದು ಆಲಿಸುತ್ತವೆಂಬುದು ತಿಳಿದೇ ಇದೆ. ಗೀಗೀ ಮೇಳಗಳ ಪರೀಕ್ಷೆಯು ಇದಕ್ಕಿಂತಲೂ ಕಠಿಣವಾದುದು. ದಪ್ಪು ಹಿಡಿದು ಮುಂದೆ ಹಾಡುವವನೊಬ್ಬ, ತುಂತುಣಿ ಮತ್ತು ತಾಳಗಳೊಡನೆ ಹಿಂದಿನಿಂದ 'ಗೀಯ ಗೀಯ' ಎಂದು ಸೊಲ್ಲನ್ನೆತ್ತುವವರು ಇಬ್ಬರು. ಇಷ್ಟೇ ಒಂದು ಮೇಳದ ಪರಿವಾರ. ಇಂತಹ ಎರಡು ಮೇಳಗಳನ್ನು ಎದುರುಬದುರಾಗಿ ನಿಲ್ಲಿಸಿದರೆ, ಗಂಡು ಹೆಚ್ಚೆಂದು ವಾದಿಸುವ ಹರದೇಶಿಯವರೂ ಹೆಣ್ಣು ಹೆಚ್ಚೆಂದು ವಾದಿಸುವ ನಾಗೇಶಿಯವರೂ ರಾತ್ರಿಯಿಡೀ ಸವಾಲು ಜವಾಬುಗಳಲ್ಲಿ ತೊಡಗಿ, ಪುರಾಣದ ಆಧಾರ, ಲೋಕದ ದೃಷ್ಟಾಂತ, ಸ್ಥಳದಲ್ಲಿಯೆ ಹೊಸೆದ ನುಡಿ ಇವುಗಳಿಂದ ಒಬ್ಬರನ್ನೊಬ್ಬರು ಕಟ್ಟಿಹಾಕಲು ಹವಣಿಸುವರು. ಕುಳಿತ ರೈತಜನವು ಮೂಡಲು ಬೆಳಗಾಗುವವರೆಗೆ ಏಳದು. ಉತ್ತರವು ತಡವಾದರೆ, ಪ್ರಾಸವು ಕೈಕೊಟ್ಟರೆ, ಕಂಠವು ಮೂರನೆಯ ಜಾವದಲ್ಲಿ ಒಡೆದರೆ, ಆ ಮೇಳದ ಗತಿಯೇನೆಂಬುದು ಅಲ್ಲಿಯೆ ತೀರ್ಮಾನವಾಗಿಬಿಡುವುದು. ನಿನ್ನೆಯವರೆಗೆ ತನ್ನ ಊರಿನಾಚೆಗೆ ಯಾರೂ ಅರಿಯದ ಹಾಡುಗಾರನು ಗೆದ್ದನೆಂದರೆ, ಬೇರೆ ಬೇರೆ ಊರುಗಳ ಹಿರಿಯರು ಮುಂದಿನ ಜಾತ್ರೆಗೆ ಬರಬೇಕೆಂದು ಅವನ ಕೈಗೆ ವೀಳ್ಯವನ್ನು ಕೊಡುವರು. ಈ ವಿಮರ್ಶಕರು ಅಕ್ಷರಸ್ಥರಾಗಿರಲಿಲ್ಲವೆಂದು ಅವರ ತೀರ್ಪನ್ನು ಲಘುವಾಗಿ ಎಣಿಸಬಾರದು. ಎಂಟು ಗಂಟೆಗಳ ಕಾಲ ಎಚ್ಚರದಿಂದ ಕೇಳಿ ಕೊಟ್ಟ ತೀರ್ಪು ಅದು.

ಇದೇ ಬಗೆಯ ಬಯಲ ಪರೀಕ್ಷೆಯಲ್ಲಿ ಬೆಳೆದುಬಂದುದು ಶ್ರೀಕೃಷ್ಣಪಾರಿಜಾತ. ಅಪರಾಳ ತಮ್ಮಣ್ಣನ ಕೃತಿಗೆ ಕುಲಗೋಡ ತಮ್ಮಣ್ಣನು ರಂಗರೂಪವನ್ನಿತ್ತು ಗೋಕಾವಿಯ ಸೀಮೆಯಿಂದ ಸುತ್ತಲಿನ ನಾಡಿಗೆಲ್ಲ ಹಬ್ಬಿಸಿದ ಈ ಆಟದಲ್ಲಿ ಅರ್ಧ ಭಾಗ ಮಾತು, ಅರ್ಧ ಭಾಗ ಗಾನ. ಭಾಮೆಯಾಗಲಿ ದೂತಿಯಾಗಲಿ ಹಾಡಲಾರದವರು ಅಟ್ಟವನ್ನೇರುವಂತಿಲ್ಲ. ಕೌಜಲಗಿಯ ನಿಂಗಮ್ಮನು ಗಂಡಸರದೇ ಆಗಿದ್ದ ಈ ರಂಗವನ್ನು ಹೊಕ್ಕು, ತನ್ನದೇ ಮೇಳವನ್ನು ಕಟ್ಟಿ, ಮನೆಮಾತಾದ ಕಥೆಯನ್ನು ರಾಯಬಾಗ ಚಿಕ್ಕೋಡಿಗಳ ಹಿರಿಯರು ಇಂದಿಗೂ ಅಭಿಮಾನದಿಂದ ಹೇಳುತ್ತಾರೆ. ಅವಳಿಗೆ ಮನ್ನಣೆಯನ್ನಿತ್ತವರು ಪಂಡಿತರಲ್ಲ, ಬಯಲಿನಲ್ಲಿ ಕಂಬಳಿ ಹಾಸಿಕೊಂಡು ಕುಳಿತ ಒಕ್ಕಲಿಗರು.

ಇನ್ನು ಮಿರಜವನ್ನು ಬಿಟ್ಟು ಈ ಸೀಮೆಯ ಸಂಗೀತವನ್ನು ಕುರಿತು ಮಾತನಾಡುವುದು ಸಾಧ್ಯವಿಲ್ಲ. ಕತ್ತಿ ಗುರಾಣಿಗಳನ್ನು ಮಸೆಯುತ್ತಿದ್ದ ಶಿಕಲಗಾರ ಮನೆತನದವರು ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ತಂಬೂರಿ ಸಿತಾರುಗಳ ನಿರ್ಮಾಣಕ್ಕೆ ತೊಡಗಿದುದರಿಂದ ವಾದ್ಯಗಳ ತವರಾದ ಆ ಪಟ್ಟಣದಲ್ಲಿ, ಗ್ವಾಲಿಯರ ಘರಾಣೆಯ ಖ್ಯಾಲನ್ನು ದಕ್ಷಿಣಕ್ಕೆ ತಂದ ಬಾಲಕೃಷ್ಣಬುವಾ ಇಚಲಕರಂಜೀಕರರು ನೆಲೆಸಿ ಶಿಷ್ಯರನ್ನು ತಯಾರಿಸಿದರು. 1872ರಲ್ಲಿ ಕುರುಂದವಾಡದಲ್ಲಿ ಹುಟ್ಟಿದ ಕೀರ್ತನಕಾರನ ಮಗನೊಬ್ಬನು ಬಾಲ್ಯದಲ್ಲಿ ಪಟಾಕಿ ಸಿಡಿದು ಕಣ್ಣುಗಳಿಗೆ ಏಟು ತಗುಲಿ, ಶಾಲೆಯ ವಿದ್ಯೆಗೆ ಎರವಾದಾಗ, ಮಿರಜದ ಸಂಸ್ಥಾನಿಕರ ಆಶ್ರಯದಲ್ಲಿ ಈ ಬುವಾ ಅವರ ಬಳಿಗೆ ಬಂದನು; ಅವನೇ ಮುಂದೆ 1901ರಲ್ಲಿ ಲಾಹೋರದಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿದ ವಿಷ್ಣು ದಿಗಂಬರ ಪಲುಸ್ಕರ.

ಈ ಬಾಲಕೃಷ್ಣಬುವಾ ಅವರ ಪರಂಪರೆಯಲ್ಲಿ ಬಂದ ನೀಲಕಂಠಬುವಾ ಆಲೂರಮಠ ಅವರ ಹೆಸರನ್ನು ಕನ್ನಡಿಗರು ಇನ್ನೂ ಹೆಚ್ಚು ಕೃತಜ್ಞತೆಯಿಂದ ಸ್ಮರಿಸಬೇಕೆಂದು ನನ್ನ ಭಾವನೆ. ಧಾರವಾಡದ ಸಮೀಪದ ಮನಸೂರಿನಲ್ಲಿ 1910ರ ಕೊನೆಯ ದಿನ ಹುಟ್ಟಿದ ಮಲ್ಲಿಕಾರ್ಜುನನು ಅಣ್ಣ ಬಸವರಾಜನ ಬೆನ್ನು ಹತ್ತಿ ನಾಟಕ ಕಂಪನಿಯನ್ನು ಸೇರಿ ಬಾಲಪಾತ್ರಗಳನ್ನು ಮಾಡುತ್ತಿದ್ದನು. ಅಪ್ಪಯ್ಯಸ್ವಾಮಿಗಳಿಂದ ಕರ್ನಾಟಕ ಪದ್ಧತಿಯ ಮೊದಲ ಪಾಠಗಳಾಗಿದ್ದವು. ಕಂಪನಿಯ ಪ್ರಯೋಗವೊಂದನ್ನು ಬಾಗಲಕೋಟೆಯಲ್ಲಿ ನೋಡಿದ ನೀಲಕಂಠಬುವಾ ಅವರು, ವೇಷ, ಬಣ್ಣ, ಗ್ಯಾಸಬತ್ತಿಯ ಬೆಳಕುಗಳ ಗದ್ದಲದ ನಡುವೆ ಆ ಹುಡುಗನ ಸ್ವರವನ್ನು ಮಾತ್ರ ಹೆಕ್ಕಿಕೊಂಡರು. ಪ್ರೇಕ್ಷಕನು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾನೆ. ಇವರು ಹಾಗೆ ಹೋಗಲಿಲ್ಲ. ಹುಡುಗನನ್ನು ತಮಗೆ ಒಪ್ಪಿಸಬೇಕೆಂದು ಕೇಳಿ, ಮಿರಜಕ್ಕೆ ಕರೆದೊಯ್ದು, ಸುಮಾರು ಆರು ವರ್ಷಗಳ ಕಾಲ ಗ್ವಾಲಿಯರ ಪದ್ಧತಿಯನ್ನು ಅವನಲ್ಲಿ ಬೇರೂರಿಸಿದರು. ಮುಂದೆ ಮಂಜೀಖಾನರಲ್ಲಿ ಜೈಪುರ ಘರಾಣೆಯ ಅಪೂರ್ವ ರಾಗಗಳನ್ನು ಪಡೆದು ಮನಸೂರರು ಏರಿದ ಎತ್ತರವನ್ನು ಎಲ್ಲರೂ ಬಲ್ಲರು. ಆದರೆ ಅಂದು ಬಾಗಲಕೋಟೆಯಲ್ಲಿ ಆ ಒಬ್ಬ ಪ್ರೇಕ್ಷಕನು ಬಾರದೆ ಹೋಗಿದ್ದರೆ, ಆ ಕಂಠವು ನಾಟಕದ ಕಂದಪದ್ಯಗಳಲ್ಲಿಯೆ ಸವೆದುಹೋಗುವ ಸಂಭವವು ಇದ್ದೇ ಇದ್ದಿತು.

ಇದಕ್ಕೆ ಸಮಾನವಾದ ಇನ್ನೊಂದು ಪ್ರಸಂಗವು ಮಠದ ಅಂಗಳದಲ್ಲಿ ನಡೆದುದು. ಹುಟ್ಟುಕುರುಡರಾದ ಇಬ್ಬರು ಬಾಲಸಹೋದರರು ಹಾಡುವುದನ್ನು ಕೇಳಿದ ಹಾನಗಲ್ಲ ಕುಮಾರಸ್ವಾಮಿಗಳು ಅವರನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡು ಸಂಗೀತ ಶಿಕ್ಷಣದ ವ್ಯವಸ್ಥೆಯನ್ನು ಮಾಡಿದರು. ಆ ಇಬ್ಬರಲ್ಲಿ ಒಬ್ಬನಾದ ಗದಿಗೆಯ್ಯನೇ ಪಂಚಾಕ್ಷರ ಗವಾಯಿ; ಅವರಿಗೂ ಹಿಂದುಸ್ತಾನಿ ವಿದ್ಯೆಯನ್ನು ಧಾರೆಯೆರೆದವರು ಇದೇ ನೀಲಕಂಠಬುವಾ. ಗವಾಯಿಗಳು ತಾವು ಪಡೆದ ಆಶ್ರಯವನ್ನು ಮರೆಯದೆ, ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು ಊರೂರು ತಿರುಗಿ, ಬೇಡಿ ತಂದು ಉಣಿಸಿ, ಸ್ವರ ಕಲಿಸಿದರು. ಪುಟ್ಟರಾಜ ಗವಾಯಿ, ಬಸವರಾಜ ರಾಜಗುರುಗಳಂತಹವರು ಆ ಪಂಕ್ತಿಯಲ್ಲಿ ಉಂಡು ಬೆಳೆದವರೇ.

ನಾಟಕ ಕಂಪನಿಗಳ ವಿಷಯವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ಮರಾಠಿ ಸಂಗೀತ ನಾಟಕಕ್ಕೆ 1880ರಲ್ಲಿ ಅಡಿಪಾಯವನ್ನಿಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಕೊಲ್ಲಾಪುರದ ಶಾಹೂ ಮಹಾರಾಜರ ಪ್ರೋತ್ಸಾಹದಿಂದ ಬಾಲಗಂಧರ್ವರು 1905ರಲ್ಲಿ ಸೇರಿದುದು ಕಿರ್ಲೋಸ್ಕರರು ಕಟ್ಟಿದ ಮಂಡಳಿಯನ್ನೇ. ಕಂಪನಿಯ ಮಾಲಿಕರು ಸುಸ್ವರವುಳ್ಳ ಹುಡುಗರಿಗಾಗಿ ಹಳ್ಳಿಗಳ ಭಜನಾಮೇಳಗಳನ್ನು ಜಾಲಾಡುತ್ತಿದ್ದರು. ಗಂಟಲು ಒಡೆಯುವ ವಯಸ್ಸಿನಲ್ಲಿ ಅವರನ್ನು ಕೈಬಿಡುವುದೂ ಇದ್ದಿತು.

ಹೊಸ ಬಗೆಯ ಶೋಧಕನು ಗ್ರಾಮೊಫೋನಿನೊಡನೆ ಬಂದನು. ಗ್ರಾಮೊಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗನು 1902ರಲ್ಲಿ ಕಲಕತ್ತೆಯಲ್ಲಿ ಗೌಹರಜಾನಳ ಗಾಯನವನ್ನು ಮುದ್ರಿಸಿಕೊಂಡಂದಿನಿಂದ, ಕಂಪನಿಯ ಪ್ರತಿನಿಧಿಗಳಿಗೆ ಪ್ರಾಂತಪ್ರಾಂತದಲ್ಲಿ ಹೊಸ ಕಂಠಗಳನ್ನು ಹುಡುಕುವುದೇ ಉದ್ಯೋಗವಾಯಿತು. 1932ರಲ್ಲಿ ಗಂಗೂಬಾಯಿ ಹಾನಗಲ್ಲರನ್ನು ಮುಂಬಯಿಗೆ ಕರೆಸಿಕೊಂಡು ಮುದ್ರಿಸಿದ ತಟ್ಟೆಗಳು 'ಗಾಂಧಾರಿ ಹುಬ್ಳೀಕರ' ಎಂಬ ಹೆಸರಿನಿಂದ ಹೊರಬಂದವು. ಮೂರು ಮೂರೂವರೆ ನಿಮಿಷಗಳಲ್ಲಿ ರಾಗವನ್ನು ಮುಗಿಸಬೇಕು, ಸಂಭಾವನೆಯನ್ನು ಪಡೆದು ಊರಿಗೆ ಮರಳಬೇಕು; ಕಲಾವಿದನ ಮುಂದಿನ ಅಭ್ಯಾಸಕ್ಕೂ ಕಂಪನಿಗೂ ಸಂಬಂಧವಿಲ್ಲ. ಹಳೆಯ ಶೋಧಕನಿಗೂ ಈತನಿಗೂ ಇದ್ದ ಅಂತರ ಇದೇ. ಆದರೂ ಈ ಯಂತ್ರವು ಮಾಡಿದ ಉಪಕಾರವೂ ದೊಡ್ಡದು. ಬೆಳಗಾವಿಯ ಸಮೀಪದ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಶಿವಪುತ್ರ ಕೊಂಕಾಳಿಮಠನು ಮಹಾಗಾಯಕರ ತಟ್ಟೆಗಳನ್ನು ಕೇಳಿ, ಉಸಿರು, ಗಮಕಗಳೊಡನೆ ಅವನ್ನು ಯಥಾವತ್ತಾಗಿ ಹಾಡಿ ತೋರಿಸಿದಾಗ, ಬಾಲಕನ ಈ ಸಿದ್ಧಿಗೆ ಬೆರಗಾದ ಮಠವೊಂದರ ಗುರುಗಳು 'ಕುಮಾರ ಗಂಧರ್ವ' ಎಂಬ ಬಿರುದನ್ನಿತ್ತರು. ಅನುಕರಣದಿಂದ ಅವನನ್ನು ಬಿಡಿಸಿ ಸ್ವಂತ ಗಾಯನದತ್ತ ತಿರುಗಿಸುವ ಕಾರ್ಯಕ್ಕೆ ಮಾತ್ರ ಮುಂಬಯಿಯ ಬಿ. ಆರ್. ದೇವಧರರಂತಹ ಗುರುವೇ ಬೇಕಾಯಿತು. ಯಂತ್ರದಿಂದ ಅದು ಆಗತಕ್ಕದ್ದಲ್ಲ.

ಮಿರಜದಲ್ಲಿ ನೆಲೆನಿಂತ ಅಬ್ದುಲ್ ಕರೀಮಖಾನರು ಕುಂದಗೋಳದ ರಾಮಭಾವುವನ್ನು ಸವಾಯಿ ಗಂಧರ್ವನನ್ನಾಗಿ ರೂಪಿಸಿದ ಕಥೆಯು ಸುಪ್ರಸಿದ್ಧವಾದುದರಿಂದ ಅದನ್ನು ಮತ್ತೆ ಹೇಳುವುದಿಲ್ಲ. ಆದರೆ ಖಾನಸಾಹೇಬರು ಮಿರಜದ ಖ್ವಾಜಾ ಶಮನಾ ಮೀರಾ ಅವರ ದರ್ಗಾದ ಉರುಸಿನಲ್ಲಿ ಹಾಡುತ್ತಿದ್ದ ಸಂಪ್ರದಾಯವು, 1937ರಲ್ಲಿ ಅವರು ತೀರಿಕೊಂಡು ಅದೇ ಆವರಣದಲ್ಲಿ ಮಣ್ಣಾದ ಮೇಲೆಯೂ ಅಳಿಯದೆ, ಸಂಗೀತೋತ್ಸವವಾಗಿ ಮುಂದುವರಿದಿರುವುದನ್ನು ಹೇಳದೆ ಇರಲಾರೆ. ಟಿಕೀಟಿನ ಅಡ್ಡಿಯಿಲ್ಲದ ಆ ಅಂಗಳದಲ್ಲಿ ಕಾಗವಾಡ ಅಥಣಿಗಳ ಕಡೆಯ ಕೇಳುಗನೂ ಮುಂಬಯಿಯ ರಸಿಕನೂ ಒಂದೇ ಜಮಖಾನೆಯ ಮೇಲೆ ಕೂಡಬಹುದು.

1950ರ ಜನವರಿಯಲ್ಲಿ ಧಾರವಾಡದ ಆಕಾಶವಾಣಿಯು ಪ್ರಾರಂಭವಾದಾಗ ಹಳ್ಳಿಯ ಗಾಯಕನಿಗೆ ಧ್ವನಿಪರೀಕ್ಷೆಯೆಂಬ ಹೊಸ ದ್ವಾರವು ತೆರೆಯಿತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಮಿರಜವು ಗಡಿಯ ಆಚೆಗೂ ಅಥಣಿಯು ಈಚೆಗೂ ಉಳಿದವು. ತರುವಾಯ ಕ್ಯಾಸೆಟ್ಟುಗಳು ಬಂದು ಹೋದವು. ಇಂದು ಮೊಬೈಲಿನ ಕಾಲ. ರಾಯಬಾಗ ತಾಲೂಕಿನ ನಿಪನಾಳದ ಮಾಳು ಎಂಬ ತರುಣ ಗಾಯಕನು ಯಾವ ದೊಡ್ಡ ಕಂಪನಿಯ ಹಂಗೂ ಇಲ್ಲದೆ ಜಾನಪದ ಧಾಟಿಯ ಹಾಡುಗಳಿಂದ ನಾಡಿನ ತುಂಬ ಪರಿಚಿತನಾಗಿ, 2025ರಲ್ಲಿ ಟೀವಿಯ ಬಿಗ್ ಬಾಸ್ ಸ್ಪರ್ಧೆಯವರೆಗೂ ಹೋದುದು ಈ ಸೀಮೆಯ ಜನಕ್ಕೆ ಸಂತೋಷವನ್ನುಂಟುಮಾಡಿತು. ಆತನ ಹಿಂದೆ ಈ ಐದು ತಾಲೂಕುಗಳಲ್ಲಿ ಹಾಡುವ ಹುಡುಗರು, ಹಾರ್ಮೋನಿಯಂ ಬಾರಿಸುವವರು, ಢೋಲಕಿಯ ಮೇಲೆ ಒಳ್ಳೆಯ ಕೈಯುಳ್ಳವರು ಎಷ್ಟೋ ಮಂದಿ ಇದ್ದಾರೆ. ಲಕ್ಷ ಜನ ನೋಡಿದರೂ ಅವರಿಗೆ ತಪ್ಪಿದ ಸ್ವರವನ್ನು ತಿದ್ದುವವರು ದೊರೆಯುವುದಿಲ್ಲ. ಜಾತ್ರಾ ಕಮಿಟಿಯವರು ಹೆಸರುವಾಸಿಯಾದ ಆರ್ಕೆಸ್ಟ್ರಾದವರಿಗೆ ಹಣ ತೆರುವುದರ ಜೊತೆಗೆ, ಮೊದಲನೆಯ ರಾತ್ರಿಯ ಒಂದು ಗಂಟೆಯನ್ನು ಇನ್ನೂ ಎಲ್ಲಿಯೂ ವೀಳ್ಯ ಪಡೆಯದ ಮೇಳಕ್ಕೆ ಮೀಸಲಿಟ್ಟು, ಅಥಣಿ ಚಿಕ್ಕೋಡಿಗಳ ಸಂಗೀತ ಶಿಕ್ಷಕರನ್ನು ಆ ಗಂಟೆಗೆ ತಪ್ಪದೆ ಕರೆಸಿ ಮುಂದಿನ ಸಾಲಿನಲ್ಲಿ ಕೂಡಿಸಬೇಕು. ಮೆಚ್ಚಿದ ಹುಡುಗನಿಗೆ ಒಂದು ವರ್ಷದ ಪಾಠದ ಖರ್ಚನ್ನು ಅದೇ ಕಮಿಟಿಯು ವಹಿಸಿಕೊಂಡರೆ, ಪೆಂಡಾಲಿಗೆ ಸಲ್ಲುವ ಹಣದ ಒಂದಂಶವೂ ಅದಕ್ಕೆ ಬೇಕಾಗದು.